ಬೋನಸ್ ಒಂದೇ ಸಲ, ಶುಲ್ಕ ಪ್ರತಿ ವರ್ಷ: ಕ್ರೆಡಿಟ್ ಕಾರ್ಡ್ ಆರಿಸುವ ಮುನ್ನ ಹಾಕಬೇಕಾದ ಲೆಕ್ಕ

ಒಂದು ಕಡೆ ಶುಲ್ಕವೇ ಇಲ್ಲದ ಕ್ರೆಡಿಟ್ ಕಾರ್ಡ್. ಸೇರಿದವರಿಗೆ ಹೇಳಿಕೊಳ್ಳುವಂಥ ಉಡುಗೊರೆಯೇನೂ ಇಲ್ಲ. ಇನ್ನೊಂದು ಕಡೆ ಸಾವಿರಾರು ಪಾಯಿಂಟ್‌ಗಳ ಸ್ವಾಗತ ಬೋನಸ್ ಕೊಡುವ ಕಾರ್ಡ್. ಅದಕ್ಕೆ ವಾರ್ಷಿಕ ಶುಲ್ಕವಿದೆ. ಇವೆರಡರ ನಡುವೆ ಮೊದಲ ವರ್ಷದ ಶುಲ್ಕ ಮನ್ನಾ ಮಾಡುವವು, ಶುಲ್ಕದಷ್ಟೇ ಬೆಲೆಯ ವೋಚರ್ ಕೈಗಿಡುವವು, ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ಶುಲ್ಕವೇ ಬೇಡ ಎನ್ನುವವು. ಯಾವುದನ್ನು ಹಿಡಿಯುವುದು ಎಂದು ತಿಳಿಯದೆ ಅರ್ಜಿ ತುಂಬುತ್ತಾ ಅರ್ಧಕ್ಕೆ ನಿಂತವರು ಬಹಳ ಮಂದಿ. ಬೋನಸ್ಸಿನ ಅಂಕಿ ದೊಡ್ಡದು, ಶುಲ್ಕದ ಅಂಕಿ ಚಿಕ್ಕದು. ಹಾಗಾಗಿ ಲಾಭವೇ ಇರಬೇಕು ಎಂದು ಮನಸ್ಸು ಬೇಗ ಒಪ್ಪಿಬಿಡುತ್ತದೆ. ಆದರೆ ಆ ಎರಡು ಅಂಕಿಗಳನ್ನು ನೇರವಾಗಿ ಕಳೆಯಲು ಬರುವುದಿಲ್ಲ. ಬೋನಸ್ ಬರುವುದು ಒಂದೇ ಸಲ, ಶುಲ್ಕ ಪ್ರತಿ ವರ್ಷ. ಬೋನಸ್ ಪಾಯಿಂಟ್‌ಗಳಲ್ಲಿದೆ, ಶುಲ್ಕ ನಗದಿನಲ್ಲಿದೆ. ಬೋನಸ್ಸಿಗೆ ಹತ್ತು ಷರತ್ತು, ಶುಲ್ಕ ಮಾತ್ರ ಕೇಳದೆಯೇ ಬಿಲ್ಲಿಗೆ ಬಂದು ಕೂರುತ್ತದೆ.

ಹೋಲಿಕೆಗೆ ಇಳಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಪ್ರತಿ ತಿಂಗಳೂ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುವವರೇ ನೀವು? ‘ಕನಿಷ್ಠ ಮೊತ್ತ’ ಕಟ್ಟಿ ಉಳಿದದ್ದನ್ನು ಮುಂದಕ್ಕೆ ಹಾಕುವ ಅಭ್ಯಾಸವಿದ್ದರೆ ಬೋನಸ್ಸಿನ ಮಾತನ್ನು ಇಲ್ಲಿಗೇ ಬಿಡಿ. ತಿಂಗಳಿಗೆ ಶೇ. 3ರ ಬಡ್ಡಿಯಲ್ಲಿ 1,000ದ ಬಾಕಿ ನಾಲ್ಕು ತಿಂಗಳು ಉಳಿದರೆ ಬಡ್ಡಿಯೇ 125 ದಾಟುತ್ತದೆ. ಬಾಕಿ ಉಳಿಸಿಕೊಂಡವರಿಗೆ ಸಾಮಾನ್ಯವಾಗಿ ಬಡ್ಡಿರಹಿತ ಅವಧಿಯೂ ತಪ್ಪಿಹೋಗುತ್ತದೆ. ಹೊಸ ಖರೀದಿಗೂ ಅದೇ ದಿನದಿಂದ ಬಡ್ಡಿ ಶುರು. ಅಂಥವರಿಗೆ ಬೇಕಾದದ್ದು ಬಾಕಿ ತೀರಿಸುವ ದಾರಿ, ಇನ್ನೊಂದು ಕಾರ್ಡ್ ಅಲ್ಲ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಒಂದು ಉತ್ತರ ತಪ್ಪಾಗಿದ್ದರೆ ಮುಂದಿನ ಯಾವ ಲೆಕ್ಕವೂ ಸರಿಹೋಗುವುದಿಲ್ಲ.

ಬೋನಸ್ಸಿನ ದುಡ್ಡು ಎಲ್ಲಿಂದ ಬರುತ್ತದೆ

ಇದು ತಿಳಿದರೆ ಷರತ್ತುಗಳು ಏಕೆ ಹಾಗಿವೆ ಎಂಬುದೂ ತಿಳಿಯುತ್ತದೆ. ನೀವು ಕಾರ್ಡ್ ಬಳಸಿದಾಗಲೆಲ್ಲ ವ್ಯಾಪಾರಿಯಿಂದ ಒಂದು ಪಾಲು ಕಡಿತವಾಗುತ್ತದೆ. ಅದರಲ್ಲಿ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸಲ್ಲುವ ಭಾಗಕ್ಕೆ ಇಂಟರ್‌ಚೇಂಜ್ ಎನ್ನುತ್ತಾರೆ. ಇದರ ಜೊತೆಗೆ ಬಾಕಿ ಉಳಿಸಿಕೊಂಡವರ ಬಡ್ಡಿ ಮತ್ತು ವಾರ್ಷಿಕ ಶುಲ್ಕ. ಈ ಮೂರರಿಂದ ಬರುವ ಹಣದ ಒಂದಂಶ ಬೋನಸ್ ಆಗಿ ಹೊಸಬರಿಗೆ ಹೋಗುತ್ತದೆ. ಐರೋಪ್ಯ ಒಕ್ಕೂಟ 2015ರ ನಿಯಮದ ಮೂಲಕ ಗ್ರಾಹಕರ ಕ್ರೆಡಿಟ್ ಕಾರ್ಡ್‌ಗಳ ಇಂಟರ್‌ಚೇಂಜನ್ನು ಶೇ. 0.3ಕ್ಕೆ ಸೀಮಿತಗೊಳಿಸಿತು, ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್‌ಗಳಿಗೆ ಅಂಥ ಮಿತಿಯಿಲ್ಲ. ಭಾರೀ ಬೋನಸ್‌ಗಳು ಅಮೆರಿಕದಲ್ಲಿ ಹೆಚ್ಚಾಗಿ, ಯುರೋಪಿನಲ್ಲಿ ಕಡಿಮೆ ಕಾಣುವುದಕ್ಕೆ ಇದೊಂದು ದೊಡ್ಡ ಕಾರಣ. ಬೋನಸ್ ಎಂಬುದು ಬ್ಯಾಂಕ್ ಮುಂದಿನ ಹಲವು ವರ್ಷಗಳಲ್ಲಿ ನಿಮ್ಮಿಂದ ಗಳಿಸಲಿರುವ ಹಣದ ಮೇಲೆ ಇಟ್ಟ ಭರವಸೆ. ಅದನ್ನು ಸ್ವೀಕರಿಸುವುದರಲ್ಲಿ ತಪ್ಪೇನಿಲ್ಲ. ಬ್ಯಾಂಕಿನ ಎಣಿಕೆ ಹಲವು ವರ್ಷಗಳದ್ದು ಎಂಬುದು ನೆನಪಿರಬೇಕು, ನಿಮ್ಮ ಎಣಿಕೆಯೂ ಅಷ್ಟೇ ದೂರ ಹೋಗಬೇಕು.

ಯಾವ ಅಳತೆಗಳಿಂದ ತೂಗಬೇಕು

ನನ್ನ ಪ್ರಕಾರ ಪ್ರತಿ ಕಾರ್ಡಿಗೂ ಐದು ವಿಷಯ ಕೇಳಬೇಕು. ಬೋನಸ್ಸಿನಲ್ಲಿ ನಿಮ್ಮ ಕೈಗೆ ನಿಜವಾಗಿ ದಕ್ಕುವುದೆಷ್ಟು? ಅದನ್ನು ಪಡೆಯಲು ಮಾಡಬೇಕಾದ ಖರ್ಚು ಹೇಗೂ ಮಾಡುವ ಖರ್ಚೇ? ತೆರಿಗೆ ಸೇರಿ ಶುಲ್ಕ ಎಷ್ಟು? ಅದೇ ಖರ್ಚನ್ನು ಶುಲ್ಕವಿಲ್ಲದ ಕಾರ್ಡಿನಲ್ಲಿ ಮಾಡಿದ್ದರೆ ಎಷ್ಟು ಸಿಗುತ್ತಿತ್ತು? ಬೋನಸ್ ಇಲ್ಲದ ಎರಡನೇ ವರ್ಷದಲ್ಲಿ ಈ ಕಾರ್ಡ್ ತನ್ನ ಶುಲ್ಕವನ್ನು ತಾನೇ ದುಡಿಯುತ್ತದೆಯೇ? ಹೆಚ್ಚಿನವರು ಮೊದಲನೆಯದನ್ನು ಮಾತ್ರ ಕೇಳುತ್ತಾರೆ, ಅದಕ್ಕೂ ಬ್ಯಾಂಕಿನ ಜಾಹೀರಾತಿನ ಉತ್ತರವನ್ನೇ ಒಪ್ಪಿಕೊಳ್ಳುತ್ತಾರೆ.

ಉದಾಹರಣೆಗೆ ಒಂದು ಕಾಲ್ಪನಿಕ ಕಾರ್ಡನ್ನು ಇಟ್ಟುಕೊಳ್ಳೋಣ. ಅಂಕಿಗಳಿಗೆ ಯಾವ ದೇಶದ ಹಣದ ಹೆಸರನ್ನೂ ಅಂಟಿಸಿಲ್ಲ. ಶುಲ್ಕವನ್ನು 100 ಎಂದಿಟ್ಟು ಉಳಿದದ್ದನ್ನು ಅದಕ್ಕೆ ಹೊಂದಿಸಿದ್ದೇನೆ, ನಿಮ್ಮ ಕಾರ್ಡಿನ ಅಂಕಿಗಳನ್ನು ಅದೇ ಜಾಗದಲ್ಲಿ ತುಂಬಿಕೊಳ್ಳಿ. ಬೋನಸ್ 10,000 ಪಾಯಿಂಟ್. ಪಡೆಯಲು ಮೂರು ತಿಂಗಳಲ್ಲಿ 3,000 ಖರ್ಚು ಮಾಡಬೇಕು. ಶುಲ್ಕದ ಮೇಲೆ ತೆರಿಗೆ ಇರುವ ದೇಶಗಳಿವೆ, ಭಾರತದಲ್ಲಿ ಶೇ. 18ರ ಜಿಎಸ್‌ಟಿ ಸೇರಿದರೆ 100 ಎಂಬುದು 118 ಆಗುತ್ತದೆ. ಕಾರ್ಡ್ ಬಳಸುವ ಕುಟುಂಬದ ಖರ್ಚು ತಿಂಗಳಿಗೆ 700, ವರ್ಷಕ್ಕೆ 8,400. ಈ ಕಾರ್ಡ್ ಖರ್ಚಿನ ಮೇಲೆ ಶೇ. 1.5 ಮರಳಿಸುತ್ತದೆ, ಶುಲ್ಕವಿಲ್ಲದ ಕಾರ್ಡ್ ಶೇ. 1.

ಪಾಯಿಂಟಿನ ಬೆಲೆ ಕಟ್ಟುವುದು

ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ತಪ್ಪಾಗುವ ಜಾಗ ಇದು. 10,000 ಪಾಯಿಂಟ್‌ಗೆ ಒಂದೇ ಬೆಲೆ ಇರುವುದಿಲ್ಲ. ನಮ್ಮ ಉದಾಹರಣೆಯ ಕಾರ್ಡಿನಲ್ಲಿ ಅದನ್ನು ಬಿಲ್ಲಿಗೆ ಜಮಾ ಮಾಡಿಸಿಕೊಂಡರೆ 200 ಬರುತ್ತದೆ ಎನ್ನೋಣ. ಬ್ಯಾಂಕಿನದೇ ಪ್ರವಾಸ ತಾಣದಲ್ಲಿ ಟಿಕೆಟ್ ಕೊಂಡರೆ 300. ಉಡುಗೊರೆಗಳ ಪಟ್ಟಿಯಿಂದ ಮಿಕ್ಸರೋ ಇಯರ್‌ಫೋನೋ ಆರಿಸಿಕೊಂಡರೆ 120ರ ಆಸುಪಾಸು. ವಿಮಾನ ಕಂಪನಿಯ ಮೈಲುಗಳಿಗೆ, ಅಂದರೆ ಆ ಕಂಪನಿಯದೇ ಪಾಯಿಂಟ್‌ಗಳಿಗೆ, ವರ್ಗಾಯಿಸಿ ದುಬಾರಿ ದರ್ಜೆಯ ಸೀಟು ಹಿಡಿದರೆ 500 ಎಂದು ಲೆಕ್ಕ ತೋರಿಸುವವರಿದ್ದಾರೆ. ಜಾಹೀರಾತಿನಲ್ಲಿ ಬರುವುದು ಸಹಜವಾಗಿಯೇ ಕೊನೆಯ ಅಂಕಿ.

ಆ 500 ಸುಳ್ಳಲ್ಲ. ಆದರೆ ಅದು ಸಿಗಬೇಕಾದರೆ ನೀವು ಹೋಗಬೇಕೆಂದ ದಿನ, ಹೋಗಬೇಕೆಂದ ಊರಿಗೆ ಪಾಯಿಂಟ್‌ಗಳ ಮೇಲೆ ಬಿಟ್ಟುಕೊಡುವ ಸೀಟು ಇರಬೇಕು. ತೆರಿಗೆ ಮತ್ತು ಇತರ ಶುಲ್ಕಗಳನ್ನು ನಗದಿನಲ್ಲಿ ಕಟ್ಟಬೇಕು. ಸಾಲದ್ದಕ್ಕೆ ಆ ದರ್ಜೆಯ ಸೀಟಿಗೆ ನೀವು ಕೈಯಿಂದ ಹಣ ಕೊಡಲು ಸಿದ್ಧರಿರಬೇಕು. ಹಣ ಕೊಟ್ಟು ಎಂದೂ ಕೊಳ್ಳದ ವಸ್ತುವಿನ ಪೂರ್ಣ ಬೆಲೆಯನ್ನು ಲಾಭದ ಕಲಮಿಗೆ ಬರೆದುಕೊಳ್ಳಬಾರದು. ಸಾಮಾನ್ಯ ದರ್ಜೆಯಲ್ಲಿ 180 ಕೊಟ್ಟು ಹೋಗುತ್ತಿದ್ದವರಿಗೆ ಆ ಪ್ರಯಾಣದ ಬೆಲೆ 180, ಜೊತೆಗೆ ಕಾಲು ಚಾಚಿ ಮಲಗುವ ಸುಖಕ್ಕೆ ತಾವು ಎಷ್ಟು ಕೊಡುತ್ತಿದ್ದರೋ ಅಷ್ಟು. ಈ ಕಲೆಯಲ್ಲಿ ಪಳಗಿದವರು, ದಿನಾಂಕಗಳಲ್ಲಿ ಸಡಿಲವಿರುವವರು, ವರ್ಷಕ್ಕೆ ಹಲವು ಸಲ ದೂರ ಹಾರುವವರು ಮೇಲಿನ ಅಂಕಿಗೆ ಹತ್ತಿರ ಹೋಗಬಲ್ಲರು. ಮಕ್ಕಳ ಶಾಲಾ ರಜೆಗೆ ಕಟ್ಟುಬಿದ್ದ ಕುಟುಂಬಕ್ಕೆ ಅದು ಬಹಳ ಕಷ್ಟ.

ಆದ್ದರಿಂದ ನಾನು ಹೇಳುವುದು ಇಷ್ಟೇ: ಬಿಲ್ಲಿಗೆ ಜಮಾ ಆಗುವ ಬೆಲೆಯನ್ನು ಆಧಾರವಾಗಿ ಹಿಡಿಯಿರಿ. ಆ ಬೆಲೆಗೇ ಕಾರ್ಡ್ ಗೆದ್ದರೆ ನಿಶ್ಚಿಂತೆ. ಅದಕ್ಕಿಂತ ಹೆಚ್ಚು ಸಿಕ್ಕರೆ ಸಂತೋಷ. ಮೇಲಿನ ಬೆಲೆ ಹಿಡಿದರೆ ಮಾತ್ರ ಗೆಲ್ಲುವ ಕಾರ್ಡ್ ನಿಮ್ಮ ಪ್ರಯಾಣದ ಅಭ್ಯಾಸದ ಮೇಲೆ ಪೂರ್ತಿ ನಿಂತಿದೆ ಎಂದರ್ಥ. ಪಾಯಿಂಟ್‌ಗಳಿಗೆ ಅವಧಿ ಮುಗಿಯುವ ದಿನವಿದೆಯೇ, ಒಮ್ಮೆಗೆ ಕನಿಷ್ಠ ಎಷ್ಟು ಬಳಸಬೇಕು, ಬಳಸುವಾಗಲೂ ಶುಲ್ಕ ಹಿಡಿಯುತ್ತಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಪಾಯಿಂಟಿನ ದರವನ್ನು ಬ್ಯಾಂಕ್ ಮುಂದೆ ಇಳಿಸಬಹುದು, ಹಾಗೆ ಇಳಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಕೂಡಿಟ್ಟುಕೊಳ್ಳುವ ಆಸ್ತಿಯಲ್ಲ ಅದು. ಬಂದ ಮೇಲೆ ಬೇಗ ಬಳಸಿಬಿಡಬೇಕು.

ಖರ್ಚಿನ ಷರತ್ತು

ನಮ್ಮ ಕುಟುಂಬ ಮೂರು ತಿಂಗಳಲ್ಲಿ ಸಹಜವಾಗಿ ಮಾಡುವ ಖರ್ಚು 2,100. ಷರತ್ತು 3,000. ಕೊರತೆ 900. ಈ 900 ಎಲ್ಲಿಂದ ಬರುತ್ತದೆ ಎಂಬುದೇ ತೀರ್ಮಾನಕ್ಕೆ ತಿರುವು ಕೊಡುತ್ತದೆ. ವರ್ಷದ ವಿಮಾ ಕಂತು, ಶಾಲಾ ಶುಲ್ಕ, ಕೆಟ್ಟು ನಿಂತ ಫ್ರಿಜ್ಜಿನ ಬದಲಿ ಇಂಥವು ಆ ಅವಧಿಯಲ್ಲಿ ಹೇಗೂ ಬರುವುದಿದ್ದರೆ ಬೋನಸ್ ಪೂರ್ತಿ ನಿಮ್ಮದು. ಅದಿಲ್ಲದೆ, ಗಡುವು ಮುಗಿಯುವ ವಾರದಲ್ಲಿ ಅಗತ್ಯವಿಲ್ಲದ್ದನ್ನು ಕೊಂಡು ಅಂಕಿ ತುಂಬಿದರೆ ಏನಾಗುತ್ತದೆ ನೋಡಿ: ಕೊಂಡ ವಸ್ತುಗಳು ನಿಮಗೆ ಅರ್ಧ ಬೆಲೆಯಷ್ಟು ಉಪಯೋಗಕ್ಕೆ ಬಂದವು ಎಂದು ಉದಾರವಾಗಿ ಒಪ್ಪಿದರೂ 450 ನಷ್ಟ. ಬೋನಸ್ 200. ಶುಲ್ಕವನ್ನು ಇನ್ನೂ ಕಳೆದಿಲ್ಲ.

ಹಾಗಾಗಿ ಅರ್ಜಿ ಹಾಕುವ ಸಮಯವೂ ಮುಖ್ಯ. ದೊಡ್ಡ ಖರ್ಚೊಂದು ಕಣ್ಣೆದುರಿಗಿರುವಾಗ ಅರ್ಜಿ ಹಾಕುವವರಿಗೂ ಆಫರ್ ಚೆನ್ನಾಗಿದೆ ಎಂದು ಯಾವುದೋ ತಿಂಗಳಲ್ಲಿ ಹಾಕುವವರಿಗೂ ಒಂದೇ ಕಾರ್ಡ್ ಬೇರೆ ಬೇರೆ ಫಲ ಕೊಡುತ್ತದೆ. ಗಡುವಿನ ಎಣಿಕೆ ಬಹುತೇಕ ಕಡೆ ಅರ್ಜಿ ಮಂಜೂರಾದ ದಿನದಿಂದ ಶುರುವಾಗುತ್ತದೆ, ಕಾರ್ಡ್ ಅಂಚೆಯಲ್ಲಿ ಕೈಸೇರಿದ ದಿನದಿಂದಲ್ಲ. ನಗದು ಹಿಂಪಡೆದದ್ದು, ಬೇರೆ ಕಾರ್ಡಿನ ಬಾಕಿ ವರ್ಗಾಯಿಸಿದ್ದು, ವಾರ್ಷಿಕ ಶುಲ್ಕವೇ, ಇವು ಸಾಮಾನ್ಯವಾಗಿ ಲೆಕ್ಕಕ್ಕೆ ಸೇರುವುದಿಲ್ಲ. ಬಾಡಿಗೆ, ವ್ಯಾಲೆಟ್‌ಗೆ ತುಂಬಿದ ಹಣ, ಇಂಧನ ಇವನ್ನು ಹೊರಗಿಡುವ ಬ್ಯಾಂಕ್‌ಗಳೂ ಇವೆ. ಕೊಂಡು ಹಿಂದಿರುಗಿಸಿದ ವಸ್ತುವಿನ ಮೊತ್ತ ಕಳೆದುಹೋಗುತ್ತದೆ. ಗಡುವಿಗೆ ಕೊನೆಯ ಎರಡು ವಾರ ಇರುವಾಗಲೇ ಷರತ್ತಿನ ಮೊತ್ತಕ್ಕಿಂತ ಸ್ವಲ್ಪ ಹೆಚ್ಚೇ ಆಗಿರುವಂತೆ ನೋಡಿಕೊಳ್ಳುವುದು ಕ್ಷೇಮ, ಹತ್ತು ಕಡಿಮೆಯಾದರೂ ಬೋನಸ್ ಪೂರ್ತಿ ಹೋಗುತ್ತದೆ.

ಈಗ ಕಾರ್ಡ್‌ಗಳನ್ನು ಒಂದೊಂದಾಗಿ ತೂಗೋಣ

ಮೊದಲಿಗೆ ಶುಲ್ಕವೇ ಇಲ್ಲದ ಕಾರ್ಡ್. ಇದರ ಬಗ್ಗೆ ಹೇಳುವುದು ಕಡಿಮೆ, ಆದರೆ ಅಳತೆಗೋಲು ಇದೇ. 8,400ರ ಮೇಲೆ ಶೇ. 1 ಎಂದರೆ ವರ್ಷಕ್ಕೆ 84, ಯಾವ ತಲೆನೋವೂ ಇಲ್ಲದೆ. ಬೇರೆ ಕಾರ್ಡಿನ ಲಾಭವನ್ನು ಸೊನ್ನೆಯ ಎದುರು ಅಳೆಯಬಾರದು, ಈ 84ರ ಎದುರು ಅಳೆಯಬೇಕು.

ಬೋನಸ್ ಇರುವ, ಶುಲ್ಕ 100ರ ಕಾರ್ಡ್. ಖರ್ಚಿನ ಮೇಲೆ ಶುಲ್ಕವಿಲ್ಲದ ಕಾರ್ಡಿಗಿಂತ ಶೇ. 0.5 ಹೆಚ್ಚು ಕೊಡುತ್ತದೆ, ಅಂದರೆ ವರ್ಷಕ್ಕೆ 42 ಹೆಚ್ಚು. ಮೊದಲ ವರ್ಷ: ಬೋನಸ್ 200, ಜೊತೆಗೆ 42, ಕಳೆದರೆ ಶುಲ್ಕ 118, ಉಳಿದದ್ದು 124. ಚೆನ್ನಾಗಿದೆ. ಎರಡನೇ ವರ್ಷ ಬೋನಸ್ ಇಲ್ಲ: 42ರಲ್ಲಿ 118 ಕಳೆದರೆ 76 ನಷ್ಟ. ಎರಡು ವರ್ಷ ಸೇರಿ ಲಾಭ 48ಕ್ಕೆ ಇಳಿಯಿತು. ಮೂರನೇ ವರ್ಷವೂ ಇಟ್ಟುಕೊಂಡರೆ ಒಟ್ಟಾರೆ 28 ಕೈಯಿಂದ ಹೋಗಿರುತ್ತದೆ. ಬೋನಸ್ ಶುಲ್ಕಕ್ಕೆ ಸಾಟಿಯೇ ಎಂಬ ಪ್ರಶ್ನೆಗೆ ಈ ಕಾರ್ಡ್ ಕೊಡುವ ಉತ್ತರ ನೀವು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ. ಬೋನಸ್ ಇಲ್ಲದೆ ಶುಲ್ಕ ತೀರಬೇಕಾದರೆ ವರ್ಷಕ್ಕೆ 23,600 ಖರ್ಚಾಗಬೇಕು, ಅಂದರೆ ಈ ಕುಟುಂಬದ ಖರ್ಚಿನ ಸುಮಾರು ಮೂರು ಪಟ್ಟು. ಅಷ್ಟು ಖರ್ಚಿರುವ ಮನೆಗೆ ಇದೇ ಕಾರ್ಡ್ ಹತ್ತು ವರ್ಷ ಇಟ್ಟುಕೊಳ್ಳಲು ಯೋಗ್ಯ.

ಮೊದಲ ವರ್ಷ ಶುಲ್ಕ ಮನ್ನಾ ಆಗುವ ಕಾರ್ಡ್. ಇಂಥವು ಸಾಮಾನ್ಯವಾಗಿ ಚಿಕ್ಕ ಬೋನಸ್ ಕೊಡುತ್ತವೆ. 80 ಎನ್ನೋಣ, ಉಳಿದದ್ದೆಲ್ಲ ಮೇಲಿನಂತೆಯೇ. ಮೊದಲ ವರ್ಷದ ಲಾಭ 80 ಮತ್ತು 42 ಸೇರಿ 122. ಮೇಲಿನ 124ಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲವೆನ್ನಬಹುದು, 200 ಎಂಬ ಅಂಕಿ ಎಷ್ಟೇ ಕಣ್ಣು ಕುಕ್ಕಿದರೂ. ಖರ್ಚಿನ ಷರತ್ತು ತಪ್ಪಿದರೆ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಶುಲ್ಕದ ಕಾರ್ಡಿನಲ್ಲಿ ಬೋನಸ್ ತಪ್ಪಿದವರಿಗೆ 76 ನಷ್ಟ. ಮನ್ನಾ ಇರುವ ಕಾರ್ಡಿನಲ್ಲಿ ಆಗಲೂ 42 ಲಾಭ. ಆದಾಯ ಏರುಪೇರಾಗುವವರು, ಮೂರು ತಿಂಗಳ ಖರ್ಚನ್ನು ಖಚಿತವಾಗಿ ಹೇಳಲಾಗದವರು, ಮೊದಲ ಸಲ ಶುಲ್ಕದ ಕಾರ್ಡಿಗೆ ಕೈ ಹಾಕುತ್ತಿರುವವರು ಇದನ್ನು ಆರಿಸಿಕೊಳ್ಳಲಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಮನ್ನಾ ಮುಗಿಯುವ ತಿಂಗಳನ್ನು ಮರೆತವರಿಗೆ ಮಾತ್ರ ಈ ಅನುಕೂಲ ಅಷ್ಟರಲ್ಲೇ ಕರಗುತ್ತದೆ.

ಶುಲ್ಕಕ್ಕೆ ಸಮನಾದ ವೋಚರ್ ಕೊಡುವ ಕಾರ್ಡ್. 100 ಕೊಟ್ಟು 100 ಪಡೆದಂತೆ ಮೇಲ್ನೋಟಕ್ಕೆ ಕಾಣುತ್ತದೆ. ತೆರಿಗೆಯ 18 ಮೊದಲೇ ಹೋಯಿತು. ವೋಚರ್ ನೀವು ಪ್ರತಿ ತಿಂಗಳೂ ಕೊಳ್ಳುವ ಕಡೆ ನಡೆಯುವುದಾದರೆ ಅದರ ಬೆಲೆ 100ವೇ. ಎಂದೋ ಒಮ್ಮೆ ಹೋಗುವ, ಇತರೆಡೆಗಿಂತ ದುಬಾರಿಯಾದ ಮಳಿಗೆಯದಾದರೆ 60 ಅಥವಾ 70 ಎಂದು ಹಿಡಿಯಿರಿ. ಒಂದೇ ಬಿಲ್ಲಿಗೆ ಪೂರ್ತಿ ಬಳಸಬೇಕೇ, ಎಷ್ಟು ತಿಂಗಳೊಳಗೆ ಬಳಸಬೇಕು ಎಂಬುದನ್ನು ನೋಡಿ. 100 ಎಂದೇ ಹಿಡಿದರೆ ಮೊದಲ ವರ್ಷ 100 ಮತ್ತು 42, ಕಳೆದು 118; ಉಳಿಯುವುದು 24. ಸಣ್ಣ ಮೊತ್ತ. ಆದರೆ ಕೆಲವು ಕಾರ್ಡ್‌ಗಳು ನವೀಕರಣದ ಸಮಯದಲ್ಲೂ ಅಷ್ಟೇ ಬೆಲೆಯ ವೋಚರ್ ಕೊಡುತ್ತವೆ. ಅಂಥದ್ದಾದರೆ ಮೂರು ವರ್ಷಕ್ಕೆ 72 ಲಾಭ, ಅದೇ ದೊಡ್ಡ ಬೋನಸ್ಸಿನ ಕಾರ್ಡ್ ಮೂರು ವರ್ಷಕ್ಕೆ 28 ನಷ್ಟ ತೋರಿಸಿತ್ತು. ಪ್ರತಿ ವರ್ಷ ಬರುವ ಸಣ್ಣದು ಒಂದು ಸಲ ಬರುವ ದೊಡ್ಡದನ್ನು ಹಿಂದೆ ಹಾಕುವುದು ಹೀಗೆ. ಕಾರ್ಡನ್ನು ವರ್ಷ ವರ್ಷ ಬದಲಿಸುವ ತಾಳ್ಮೆ ಇಲ್ಲದವರು ನವೀಕರಣದ ಕೊಡುಗೆಯನ್ನೇ ಮೊದಲು ಓದಬೇಕು.

ಇಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ ಎನ್ನುವ ಕಾರ್ಡ್‌ಗೂ ಇದೇ ವಿಚಾರ ಹೊಂದುತ್ತದೆ. ಷರತ್ತು ವರ್ಷಕ್ಕೆ 10,000, ನಿಮ್ಮ ಖರ್ಚು 8,400 ಎಂದಾದರೆ ಕೊರತೆ 1,600. ಬೇರೆ ಕಾರ್ಡಿನಲ್ಲಿ ಅಥವಾ ನಗದಿನಲ್ಲಿ ಮಾಡುತ್ತಿದ್ದ ಖರ್ಚನ್ನು ಇದಕ್ಕೆ ತಿರುಗಿಸಿ ತುಂಬಬಹುದಾದರೆ 118 ಉಳಿತಾಯ. ಹೊಸದಾಗಿ 1,600 ಖರ್ಚು ಮಾಡಿ 118 ಉಳಿಸುವುದಾದರೆ ಶುಲ್ಕ ಕಟ್ಟಿಬಿಡುವುದೇ ಮೇಲು. ಎಣಿಕೆಯ ವರ್ಷ ಕಾರ್ಡ್ ಪಡೆದ ದಿನದಿಂದಲೋ ಕ್ಯಾಲೆಂಡರ್ ವರ್ಷವೋ ಎಂದು ಬ್ಯಾಂಕನ್ನು ಕೇಳಿ ತಿಳಿದುಕೊಳ್ಳಿ.

ದುಬಾರಿ ಕಾರ್ಡ್‌ಗಳ ವಿಷಯ ಬೇರೆ

ಶುಲ್ಕ 500, ತೆರಿಗೆ ಸೇರಿ 590. ಬೋನಸ್ಸಿನ ನಗದು ಬೆಲೆ 1,200. ಪ್ರಯಾಣಕ್ಕೆಂದು ವರ್ಷಕ್ಕೆ 300 ಮರಳಿಸುತ್ತಾರೆ, ವಿಮಾನ ನಿಲ್ದಾಣದ ಲಾಂಜ್ ಉಚಿತ, ಖರ್ಚಿನ ಮೇಲೆ ಶೇ. 2. ಇಂಥ ಕಾರ್ಡ್ ಕಾಗದದ ಮೇಲೆ ಅದ್ಭುತವಾಗಿ ಕಾಣುತ್ತದೆ. ನಮ್ಮ 8,400ರ ಕುಟುಂಬಕ್ಕೆ ಮೊದಲ ವರ್ಷದ ಲೆಕ್ಕ: ಬೋನಸ್ 1,200, ಶುಲ್ಕವಿಲ್ಲದ ಕಾರ್ಡಿಗಿಂತ ಹೆಚ್ಚಿಗೆ 84, ಪ್ರಯಾಣದ 300, ಕಳೆದರೆ 590, ಉಳಿದದ್ದು 994. ಆದರೆ ಇಂಥ ಕಾರ್ಡಿನ ಖರ್ಚಿನ ಷರತ್ತೂ ದೊಡ್ಡದು. ಮೂರು ತಿಂಗಳಲ್ಲಿ 5,000 ಎಂದಿದ್ದರೆ 2,100 ಖರ್ಚು ಮಾಡುವ ಮನೆಗೆ ಅದು ಎಟುಕುವುದೇ ಇಲ್ಲ, ಹಿಗ್ಗಿಸಿ ಎಟುಕಿಸಿಕೊಳ್ಳುವುದು ಅಪಾಯ. ಎರಡನೇ ವರ್ಷ 84 ಮತ್ತು 300, ಕಳೆದು 590: 206 ನಷ್ಟ. ಲಾಂಜಿನ ಊಟ, ವಿಮೆ, ಮೇಲ್ದರ್ಜೆಯ ಸೇವೆ ಇವೆಲ್ಲ ಸೇರಿ ನಿಮಗೆ 206ರಷ್ಟಾದರೂ ಬೆಲೆಬಾಳಬೇಕು. ವರ್ಷಕ್ಕೆ ಒಂದೆರಡು ಸಲ ಹಾರುವವರಿಗೆ ಬಾಳುವುದಿಲ್ಲ. ವರ್ಷಕ್ಕೆ 24,000 ಖರ್ಚು ಮಾಡಿ ತಿಂಗಳಿಗೊಮ್ಮೆ ಪ್ರಯಾಣಿಸುವವರಿಗೆ ಅದೇ ಅಂತರ 50ಕ್ಕೆ ಇಳಿಯುತ್ತದೆ. ಅವರಿಗೆ ಲಾಂಜೊಂದೇ ಆ 50ನ್ನು ತುಂಬಿಕೊಡುತ್ತದೆ.

ಈ ‘ಮರಳಿಸುವ’ ಮೊತ್ತಗಳನ್ನು ಎಣಿಸುವಾಗ ಬಿಗಿಯಾಗಿರಿ. ಪ್ರಯಾಣದ ಯಾವ ಖರೀದಿಗೂ ಅನ್ವಯಿಸುವ 300 ಬಹುಮಟ್ಟಿಗೆ ನಗದೇ. ತಿಂಗಳಿಗೆ ಇಷ್ಟಿಷ್ಟು ಎಂದು ಹೋಳು ಮಾಡಿ, ನಿರ್ದಿಷ್ಟ ಕಂಪನಿಯಲ್ಲಿ ಮಾತ್ರ ಬಳಸಿ ಎಂದು ಕೊಡುವುದು ನಗದಲ್ಲ. ಆ ಸೇವೆಗೆ ಈಗಾಗಲೇ ಹಣ ಕೊಡುತ್ತಿದ್ದರೆ ಪೂರ್ತಿ ಬರೆದುಕೊಳ್ಳಿ; ಕಾರ್ಡ್ ಬಂತೆಂದು ಬಳಸಲು ಶುರು ಮಾಡುವುದಾದರೆ ಕಾಲುಭಾಗ ಬರೆದರೂ ಹೆಚ್ಚೇ.

ಅಮೆರಿಕದ ಒಂದು ಹೆಸರಾಂತ ಕಾರ್ಡಿನ ಹಾದಿ ಇಲ್ಲಿ ತುಂಬ ಉಪಯುಕ್ತ. ಚೇಸ್ ಬ್ಯಾಂಕ್ 2016ರ ಆಗಸ್ಟಿನಲ್ಲಿ ಸಫೈರ್ ರಿಸರ್ವ್ ಕಾರ್ಡನ್ನು ತಂದಾಗ ಮೂರು ತಿಂಗಳಲ್ಲಿ 4,000 ಡಾಲರ್ ಖರ್ಚು ಮಾಡಿದವರಿಗೆ 1,00,000 ಪಾಯಿಂಟ್ ಕೊಟ್ಟಿತು. ಬ್ಯಾಂಕಿನ ಪ್ರವಾಸ ತಾಣದಲ್ಲಿ ಅದರ ಬೆಲೆ 1,500 ಡಾಲರ್. ಶುಲ್ಕ 450 ಡಾಲರ್, ಅದರಲ್ಲಿ 300 ಡಾಲರ್ ಪ್ರಯಾಣದ ಖರ್ಚಿಗೆ ಪ್ರತಿ ವರ್ಷ ವಾಪಸು. ಮೊದಲ ವರ್ಷದ ಲೆಕ್ಕದಲ್ಲಿ ಅದನ್ನು ಮೀರಿಸುವುದು ಕಷ್ಟವಿತ್ತು, ಜನ ಮುಗಿಬಿದ್ದರು. 2017ರ ಜನವರಿಯಲ್ಲಿ ಬೋನಸ್ 50,000ಕ್ಕೆ ಇಳಿಯಿತು. 2020ರಲ್ಲಿ ಶುಲ್ಕ 550 ಡಾಲರ್ ಆಯಿತು, 2025ರಲ್ಲಿ 795. ಜೊತೆಗೆ ಹೊಸ ಸೌಲಭ್ಯಗಳೂ ಸೇರಿದವು, ಅವನ್ನು ಬಳಸುವವರಿಗೆ ಈಗಲೂ ಲೆಕ್ಕ ಕೂಡಬಹುದು. ಆದರೆ 450ಕ್ಕೆ ಸೇರಿದವರು ಮೊದಲ ವರ್ಷದಲ್ಲಿ ಹಾಕಿದ್ದ ಲೆಕ್ಕದ ಮೇಲೆಯೇ 795 ಕಟ್ಟುತ್ತಿದ್ದರೆ ಅದು ಅವರದೇ ನಷ್ಟ. ಶುಲ್ಕ ಏರಿದಾಗ, ಸೌಲಭ್ಯ ಬದಲಾದಾಗ ಲೆಕ್ಕವನ್ನು ಹೊಸದಾಗಿಯೇ ಹಾಕಬೇಕು.

ಮಂಜೂರಾತಿ ಮತ್ತು ಸ್ಕೋರ್

ಬೋನಸ್ಸನ್ನು ಬೇಕಾದಷ್ಟು ಸಲ ಪಡೆಯಲಾಗದು. ಅಮೆರಿಕನ್ ಎಕ್ಸ್‌ಪ್ರೆಸ್ ಅಮೆರಿಕದಲ್ಲಿ ಒಂದೊಂದು ಕಾರ್ಡಿನ ಬೋನಸ್ಸನ್ನು ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಎಂಬ ಷರತ್ತಿನ ಮೇಲೆ ಕೊಡುತ್ತದೆ. ಹಿಂದಿನ 24 ತಿಂಗಳಲ್ಲಿ ಐದು ಅಥವಾ ಹೆಚ್ಚು ಹೊಸ ಕಾರ್ಡ್ ಪಡೆದವರಿಗೆ ಚೇಸ್ ತನ್ನ ಕಾರ್ಡ್‌ಗಳನ್ನು ನಿರಾಕರಿಸುತ್ತಾ ಬಂದಿರುವುದು ಆ ವಲಯದಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಸಾಧಾರಣ ಆಫರ್ ಇರುವಾಗ ಅವಸರಪಟ್ಟು ಸೇರಿದರೆ ಮುಂದೆ ಒಳ್ಳೆಯ ಆಫರ್ ಬಂದಾಗ ಬಾಗಿಲು ಮುಚ್ಚಿರುತ್ತದೆ. ನಿಮಗೆ ಬೇಕಾದ ಕಾರ್ಡಿನ ಬೋನಸ್ ಹಿಂದೆ ಎಷ್ಟಕ್ಕೆ ಏರಿತ್ತು ಎಂದು ನೋಡಿ, ಈಗಿನದು ಅದರ ಹತ್ತಿರವಿದ್ದರೆ ಮಾತ್ರ ಹೆಜ್ಜೆ ಇಡಿ.

ಪ್ರತಿ ಅರ್ಜಿಯೂ ಕ್ರೆಡಿಟ್ ವರದಿಯಲ್ಲಿ, ಅಂದರೆ ನಿಮ್ಮ ಸಾಲ ಮತ್ತು ಮರುಪಾವತಿಗಳ ದಾಖಲೆಯಲ್ಲಿ, ಒಂದು ವಿಚಾರಣೆಯಾಗಿ ದಾಖಲಾಗಿ, ಆ ವರದಿಯ ಮೇಲೆ ನಿಮಗೆ ಸಿಗುವ ಸ್ಕೋರನ್ನು ತುಸು ಇಳಿಸುತ್ತದೆ. ಅಮೆರಿಕದಲ್ಲಿ ಆ ದಾಖಲೆ ಎರಡು ವರ್ಷ ಉಳಿಯುತ್ತದೆ. ಎಲ್ಲ ಬಿಲ್ ಸರಿಯಾಗಿ ಕಟ್ಟುವವರಿಗೆ ಇದು ತಾತ್ಕಾಲಿಕ. ಆದರೆ ಮುಂದಿನ ಕೆಲವು ತಿಂಗಳಲ್ಲಿ ಗೃಹಸಾಲಕ್ಕೆ ಅರ್ಜಿ ಹಾಕುವವರಿದ್ದರೆ ಈಗ ಹೊಸ ಕಾರ್ಡ್ ಬೇಡವೇ ಬೇಡ. ಸಾಲದ ಬಡ್ಡಿದರದಲ್ಲಿ ಬರುವ ಸಣ್ಣ ಏರಿಕೆಯೂ ಯಾವ ಬೋನಸ್ಸನ್ನಾದರೂ ನುಂಗಿಹಾಕಬಲ್ಲದು.

ಹನ್ನೊಂದನೇ ತಿಂಗಳು

ಶುಲ್ಕದ ಕಾರ್ಡ್ ಆರಿಸಿಕೊಂಡಿರಿ ಎನ್ನೋಣ. ಅದು ಕೈಗೆ ಬಂದ ದಿನವೇ ಫೋನಿನ ಕ್ಯಾಲೆಂಡರ್‌ನಲ್ಲಿ ಹನ್ನೊಂದನೇ ತಿಂಗಳಿಗೆ ಗುರುತು ಹಾಕಿಡಿ. ಒಂದು ವರ್ಷ ತುಂಬುವ ಮೊದಲೇ ಕಾರ್ಡ್ ಮುಚ್ಚಿದರೆ ಕೊಟ್ಟ ಬೋನಸ್ಸನ್ನು ಹಿಂಪಡೆಯುವ ಹಕ್ಕನ್ನು ಕೆಲವು ಬ್ಯಾಂಕ್‌ಗಳು ಷರತ್ತಿನಲ್ಲಿ ಬರೆದುಕೊಂಡಿರುತ್ತವೆ, ಹಾಗಾಗಿ ಮೂರನೇ ತಿಂಗಳಿಗೇ ಮುಚ್ಚುವ ಯೋಚನೆ ಬೇಡ. ಹನ್ನೊಂದನೇ ತಿಂಗಳು ಬಂದಾಗ ನೋಡಬೇಕಾದದ್ದು ಎರಡನೇ ವರ್ಷದ ಲೆಕ್ಕ ಮಾತ್ರ. ಬಂದ ಬೋನಸ್ ಆ ಲೆಕ್ಕದಲ್ಲಿ ಸೇರುವುದಿಲ್ಲ, ಅದು ಆಗಲೇ ನಿಮ್ಮದಾಗಿದೆ.

ನಷ್ಟ ಎಂದು ಕಂಡರೆ ಮೊದಲು ಬ್ಯಾಂಕಿಗೆ ಕರೆ ಮಾಡಿ, ಶುಲ್ಕದ ಕಾರಣಕ್ಕೆ ಮುಚ್ಚುವ ಯೋಚನೆಯಿದೆ ಎಂದು ನೇರವಾಗಿ ಹೇಳಿ. ಶುಲ್ಕದ ಪೂರ್ತಿ ಅಥವಾ ಅರ್ಧ ಮನ್ನಾ, ಇಲ್ಲವೇ ಅಷ್ಟು ಬೆಲೆಯ ಪಾಯಿಂಟ್ ಕೊಟ್ಟು ಉಳಿಸಿಕೊಳ್ಳಲು ನೋಡುವುದು ಅಪರೂಪವಲ್ಲ. ಅದು ಆಗದಿದ್ದರೆ ಅದೇ ಬ್ಯಾಂಕಿನ ಶುಲ್ಕವಿಲ್ಲದ ಕಾರ್ಡಿಗೆ ಬದಲಿಸಿಕೊಡಲು ಕೇಳಿ. ಹಳೆಯ ಖಾತೆ ಹಾಗೆಯೇ ಮುಂದುವರಿಯುವುದರಿಂದ ಸ್ಕೋರಿಗೂ ಒಳ್ಳೆಯದು. ಆದರೆ ಬದಲಿಸಿಕೊಂಡ ಕಾರ್ಡಿಗೆ ಹೊಸಬರ ಬೋನಸ್ ಸಿಗುವುದಿಲ್ಲ. ಆ ಕಾರ್ಡಿನ ಬೋನಸ್ ನಿಮಗೆ ಮುಂದೆ ಬೇಕಾಗಿದ್ದರೆ ಮುಚ್ಚಿ, ಬೇಕಾದಷ್ಟು ಅಂತರ ಬಿಟ್ಟು, ಹೊಸದಾಗಿ ಅರ್ಜಿ ಹಾಕುವುದು ಸರಿ.

ಮುಚ್ಚುವುದೇ ಎಂದಾದರೆ ಮೊದಲು ಪಾಯಿಂಟ್‌ಗಳನ್ನು ಖಾಲಿ ಮಾಡಿ. ಬ್ಯಾಂಕಿನ ಖಾತೆಯಲ್ಲಿರುವ ಪಾಯಿಂಟ್‌ಗಳು ಕಾರ್ಡಿನ ಜೊತೆಗೇ ಹೋಗಿಬಿಡಬಹುದು. ವಿಮಾನ ಕಂಪನಿಗೆ ಆಗಲೇ ವರ್ಗಾಯಿಸಿದವು ಸಾಮಾನ್ಯವಾಗಿ ಉಳಿಯುತ್ತವೆ. ಕಾರ್ಡಿನಿಂದ ತಾನಾಗಿ ಕಡಿತವಾಗುವ ವಿದ್ಯುತ್ ಬಿಲ್, ಚಂದಾ, ವಿಮಾ ಕಂತುಗಳನ್ನು ಬೇರೆ ಕಾರ್ಡಿಗೆ ವರ್ಗಾಯಿಸಿ. ಬಾಕಿಯೆಲ್ಲ ತೀರಿಸಿ, ಮುಚ್ಚುವ ಕೋರಿಕೆಯನ್ನು ಬರಹದಲ್ಲಿ ಕೊಡಿ. ಭಾರತದಲ್ಲಿ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ, ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು. ಎರಡನೇ ವರ್ಷದ ಶುಲ್ಕ ಬಿಲ್ಲಿನಲ್ಲಿ ಬಂದುಬಿಟ್ಟಿದ್ದರೂ ತಕ್ಷಣ ಕೇಳಿ. ಕೆಲವು ದಿನಗಳೊಳಗೆ ಮುಚ್ಚಿದವರಿಗೆ ಅದನ್ನು ಮರಳಿಸುವ ಬ್ಯಾಂಕ್‌ಗಳಿವೆ. ಖಾತೆ ಮುಚ್ಚಿದೆ, ಬಾಕಿ ಏನೂ ಇಲ್ಲ ಎಂಬ ಪತ್ರವನ್ನು ಕೇಳಿ ಪಡೆದು, ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿಯಲ್ಲೂ ಹಾಗೆಯೇ ದಾಖಲಾಗಿದೆಯೇ ಎಂದು ನೋಡಿ.